ತ್ಸೋ ಕಾರ್: ಗೂಡಿನ ಸುತ್ತ ತಂತಿಬೇಲಿ ಬೇಡ

ಲಡಾಖಿನ ತ್ಸೋ ಕಾರ್ ಸರೋವರದ ಬಳಿ ಕಪ್ಪುಕತ್ತಿನ ಕ್ರೌಂಚದ ಮೊಟ್ಟೆಗಳನ್ನು ನಾಯಿಗಳಿಂದ ಉಳಿಸಲು ಗೂಡಿನ ಸುತ್ತ ಬೇಲಿ ಹಾಕಬಹುದೇ ಎಂದು ಕೇಳಿದ್ದೀರಿ. ಹಾಕಬೇಡಿ. ಹಾರುವ ಕ್ರೌಂಚಗಳು ತಂತಿಗೆ ಡಿಕ್ಕಿ ಹೊಡೆಯುತ್ತವೆ. ಮರಿಗಳು ಮೊಟ್ಟೆಯೊಡೆದು ಬಂದ ಒಂದೆರಡು ದಿನದಲ್ಲೇ ನಡೆದು ಗೂಡು ಬಿಡುವುದರಿಂದ ಬೇಲಿ ಅವಕ್ಕೇ ಬಲೆಯಾಗುತ್ತದೆ.

ಗೂಡಿಗೆ ನಿಜವಾದ ಬೇಲಿ ಸುತ್ತಲಿನ ನೀರು. ಹಕ್ಕಿ ಜವುಗಿನ ನಡುವಿನ ದಿಬ್ಬದಲ್ಲಿ ಸಾಮಾನ್ಯವಾಗಿ ಎರಡೇ ಮೊಟ್ಟೆ ಇಟ್ಟು ಸುಮಾರು ಒಂದು ತಿಂಗಳು ಕಾವು ಕೂರುತ್ತದೆ. ಆ ಮೇ-ಜೂನ್‌ನಲ್ಲಿ ತೊರೆಯ ನೀರನ್ನು ಬೇರೆಡೆ ತಿರುಗಿಸಿದರೆ ದಿಬ್ಬ ದಡಕ್ಕೆ ಕೂಡಿಕೊಂಡು ನಾಯಿ ನಡೆದೇ ಬರುತ್ತದೆ. ನೀರು ದಿಢೀರ್ ಏರಿದರೂ ಮೊಟ್ಟೆ ಮುಳುಗಿದಂತೆಯೇ. ಹಾಗಾಗಿ ಗುರುತು ಹಾಕಿದ ಕೋಲು ನೆಟ್ಟು ಮಟ್ಟ ಗಮನಿಸಿ, ಆದರೆ ಕೋಲನ್ನು ಗೂಡಿನಿಂದ ದೂರ, ಹಕ್ಕಿಗಳು ಬರುವ ಮೊದಲೇ ನೆಡಿ.

ನಾಯಿಗಳು ಹೆಚ್ಚುವುದು ಶಿಬಿರಗಳ ಎಂಜಲಿನಿಂದ. ಉಳಿದ ಅನ್ನ, ಮಾಂಸವನ್ನು ಮುಚ್ಚಳ ಬಿಗಿಯುವ ಡ್ರಮ್ಮಿನಲ್ಲಿಟ್ಟು ಹೊರಗೆ ಸಾಗಿಸಿ. ಹೂತರೆ ಕೆದಕಿ ತೆಗೆಯುತ್ತವೆ. ಆ ಚಳಿಯಲ್ಲಿ ಕೊಳೆಯುವುದೂ ನಿಧಾನ. ಸಂತಾನಹರಣ ಶಸ್ತ್ರಚಿಕಿತ್ಸೆ ಬೇಕೇ ಬೇಕು, ಆದರೆ ಹತ್ತಾರು ನಾಯಿಗಳಿಗೆ ಮಾಡಿ ನಿಲ್ಲಿಸಿದರೆ ವ್ಯರ್ಥ: ಅಲ್ಲಿನ ಸುಮಾರು 70% ನಾಯಿಗಳನ್ನು ಮುಟ್ಟಬೇಕು, ಪ್ರತಿವರ್ಷ ಮುಂದುವರಿಯಬೇಕು. ಅಂದಹಾಗೆ, ಗೂಡಿನ ಹತ್ತಿರ ಡ್ರೋನ್ ಹಾರಿಸಬೇಡಿ. ಹೆದರಿದ ಹಕ್ಕಿ ಕಾವು ಬಿಟ್ಟೆದ್ದರೆ ಮೊಟ್ಟೆ ತಣ್ಣಗಾಗುತ್ತದೆ.