ಹೀರೋಗೆ ನೋವಾಗಬೇಕು

ಡೊಂಬಿವಲಿಯ ಓದುಗ ಮಿತ್ರರೇ,

ಬೈದೇ ಬರೆದಿದ್ದರೂ ನಿಮ್ಮ ಪತ್ರ ಓದಿ ಖುಷಿಯಾಯಿತು. ಚಾಟಿ ಹಿಡಿದ ಸಾಹಸಿ ಪ್ರೊಫೆಸರನ ಹಾಲಿವುಡ್ ಸರಣಿ ಇಂಡಿಯಾನಾ ಜೋನ್ಸ್‌ನ ನಾಲ್ಕನೇ ಚಿತ್ರವನ್ನು ಕಳೆದ ಸಂಚಿಕೆಯಲ್ಲಿ ನಾವು ಒಂದೇ ಸಾಲಿನಲ್ಲಿ ‘ಸಪ್ಪೆ’ ಎಂದು ಮುಗಿಸಿದ್ದು ನಿಮಗೆ ಹಿಡಿಸಲಿಲ್ಲ. ಹಗಲು ಮುಂಬೈ ಫೋರ್ಟ್‌ನ ಉಡುಪಿ ಹೋಟೆಲಿನಲ್ಲಿ ಕೆಲಸ, ರಾತ್ರಿ ಕನ್ನಡ ಶಾಲೆ. ಅದರ ನಡುವೆ ಉಳಿಸಿದ ಕಾಸಿನಲ್ಲಿ ಮೊದಲ ಚಿತ್ರ ನೋಡಿದವರು ನೀವು. ಮೂರನೆಯದು 1989ರಲ್ಲಿ ಬಂದ ಮೇಲೆ 2008ರವರೆಗೆ ಕಾದಿರಿ. ಈಗ ಕೇಳುತ್ತೀರಿ: ‘ಅದು ಹಿಡಿಸದೇ ಹೋದದ್ದು ಹೀರೋಗೆ ವಯಸ್ಸಾಗಿದ್ದಕ್ಕಾ, ನಮಗೆ ವಯಸ್ಸಾಗಿದ್ದಕ್ಕಾ?’

ಎರಡೂ ಅಲ್ಲ. ಹೀರೋ ಪಾತ್ರದ ಹ್ಯಾರಿಸನ್ ಫೋರ್ಡ್‌ಗೆ ಆಗ 65. ಟೋಪಿ ಹಾಕಿ ನಿಂತರೆ ಆಗಲೂ ಶಿಳ್ಳೆ ಹೊಡೆಯುವ ಹಾಗೇ ಇದ್ದರು. ಅನ್ಯಗ್ರಹದವರನ್ನು ತಂದರು ಅಂತ ತುಂಬ ಜನ ಬೈದರು. ನನಗೆ ಅದೂ ದೊಡ್ಡ ತಕರಾರಲ್ಲ. ಮೊದಲ ಚಿತ್ರದಲ್ಲಿ ಪೆಟ್ಟಿಗೆಯಿಂದ ಎದ್ದ ಭೂತಗಳು ನಾಜಿಗಳ ಮುಖ ಕರಗಿಸಿದ್ದನ್ನು ಬಾಯಿಬಿಟ್ಟು ನೋಡಿದವರು ನಾವು, ಅಲ್ವಾ?

ನನ್ನ ದೂರು ಇಷ್ಟೇ. ನಾಲ್ಕನೆಯದರಲ್ಲಿ ಯಾರಿಗೂ ನೋವೇ ಆಗುವುದಿಲ್ಲ.

1981ರ ಮೊದಲ ಚಿತ್ರದ ಲಾರಿ ದೃಶ್ಯ ನೆನಪಿಸಿಕೊಳ್ಳಿ. ಹೀರೋನ ತೋಳಿಗೆ ಗುಂಡು ಬಿದ್ದಿದೆ. ಓಡುವ ಲಾರಿಯ ಅಡಿಗೆ ಜಾರುತ್ತಾನೆ, ಚಾಟಿ ಹಿಡಿದು ನೆಲದ ಮೇಲೆ ಎಳೆಸಿಕೊಂಡು ಹೋಗುತ್ತಾನೆ. ನಿಜಕ್ಕೂ ಲಾರಿಯಡಿ ಜಾರಿದವನು ಸ್ಟಂಟ್‌ಮನ್ ಟೆರಿ ಲಿಯೊನಾರ್ಡ್. ಮೈಗೆ ಜಾಗ ಸಿಗಲೆಂದು ದಾರಿಯ ಮಧ್ಯೆ ನೆಲ ತೋಡಿದ್ದರಂತೆ. ಆಮೇಲೆ ಬರುವ ಹಡಗಿನ ದೃಶ್ಯ ನನಗೆ ಇನ್ನೂ ಇಷ್ಟ. ನಾಯಕಿ ಮೇರಿಯನ್ ಮುಟ್ಟಿದಲ್ಲೆಲ್ಲ ಅವನಿಗೆ ಉರಿ. ನೋಯದ ಜಾಗ ಹುಡುಕಿ ಮೊಣಕೈ ತೋರಿಸುತ್ತಾನೆ. ಮುತ್ತು ಕೊಡುವಷ್ಟರಲ್ಲಿ ನಿದ್ದೆ ಹೊಡೆಯುತ್ತಾನೆ! ಇಂಥವನು ಮತ್ತೆ ಎಲ್ಲಿಂದಲೋ ಜಿಗಿದರೆ ಉಸಿರು ಬಿಗಿಹಿಡಿಯುವವರು ನಾವು.

ನಾಲ್ಕನೆಯದರಲ್ಲಿ ಅಣುಬಾಂಬ್ ಪರೀಕ್ಷೆ. ಹೀರೋ ಫ್ರಿಜ್‌ನೊಳಗೆ ಕೂರುತ್ತಾನೆ. ಫ್ರಿಜ್ ಹಾರಿ, ಉರುಳಿ, ಎಲ್ಲೋ ಹೋಗಿ ಬೀಳುತ್ತದೆ. ಬಾಗಿಲು ತೆಗೆದು ಎದ್ದು ಬರುತ್ತಾನೆ. ಮುಂದೆ ಸಾಲಾಗಿ ಮೂರು ಜಲಪಾತ, ಗಾಡಿ ಸಮೇತ. ಎಲ್ಲರೂ ಒದ್ದೆಯಾಗುತ್ತಾರೆ, ಅಷ್ಟೇ. ಹೀರೋನ ಮಗ ಕೋತಿಗಳ ಜೊತೆ ಬಳ್ಳಿ ಹಿಡಿದು ಜೀಕುತ್ತಾ ಓಡುವ ಗಾಡಿಗಳನ್ನು ಹಿಡಿಯುತ್ತಾನೆ! ಮೊದಲನೆಯದರಲ್ಲಿ ನಿಜವಾದ ಹಾವುಗಳ ರಾಶಿ, ಮೂರನೆಯದರಲ್ಲಿ ನಿಜವಾದ ಇಲಿಗಳು. ಇಲ್ಲಿ ಇರುವೆಗಳು ಕಂಪ್ಯೂಟರಿನವು. ಗ್ರಾಫಿಕ್ಸ್ ಇದ್ದದ್ದೇ ತಪ್ಪಲ್ಲ ಮಾರಾಯ್ರೇ. ಬಿದ್ದರೆ ಏನಾದೀತು ಅನ್ನೋ ಹೆದರಿಕೆ ಹೋದ ಮೇಲೆ, ನಿರ್ದೇಶಕ ಸ್ಪೀಲ್‌ಬರ್ಗ್ ಎಷ್ಟು ಎತ್ತರದಿಂದ ತಳ್ಳಿದರೂ ಒಂದೇ. ಕಾಲೇಜಿನೊಳಗಿನ ಬೈಕ್ ಚೇಸ್ ಮಾತ್ರ ಚೆನ್ನಾಗಿದೆ. ಅದನ್ನು ಯೇಲ್ ವಿಶ್ವವಿದ್ಯಾಲಯದಲ್ಲಿ ಬೈಕ್ ಓಡಿಸಿಯೇ ತೆಗೆದದ್ದು.

‘ದುಡ್ಡು ಮಾಡಲಿಲ್ಲವೇ?’ ಎಂದಿದ್ದೀರಿ. ಮಾಡಿತು, ಜಗತ್ತಿನಾದ್ಯಂತ 75 ಕೋಟಿ ಡಾಲರ್‌ಗೂ ಜಾಸ್ತಿ. 19 ವರ್ಷ ಹಸಿದವರ ಪಂಕ್ತಿ ಅದು. ಏನು ಬಡಿಸಿದರೂ ಎಲೆ ಖಾಲಿಯಾಗುತ್ತಿತ್ತು.

ಇನ್ನು ‘ಹಳೆಯ ಮೂರೂ ಅಪ್ಪಟ ಚಿನ್ನ’ ಎಂಬ ನಿಮ್ಮ ಮಾತು. ಎರಡನೆಯದರ ಮಟ್ಟಿಗೆ ನಾನು ಒಪ್ಪುವುದಿಲ್ಲ. ನಮ್ಮ ದೇಶದ ಅರಮನೆಯಲ್ಲಿ ಮಂಗನ ಮಿದುಳಿನ ಊಟವಂತೆ! ಸ್ಕ್ರಿಪ್ಟ್ ನೋಡಿ ಸರ್ಕಾರ ತಕರಾರು ತೆಗೆಯಿತು, ಶೂಟಿಂಗ್ ಶ್ರೀಲಂಕಾಕ್ಕೆ ಹೋಯಿತು. ಆ ಚಿತ್ರವನ್ನು ನಾನು ಸಹಿಸಿಕೊಳ್ಳುವುದು ಅದರ ಖಳನಾಯಕ ಅಮರೀಶ್ ಪುರಿಯವರಿಗಾಗಿ. ನಮ್ಮ ಮುಂಬೈ ರಂಗಭೂಮಿಯಿಂದ ಬಂದವರು, 1973ರ ‘ಕಾಡು’ ಚಿತ್ರದ ಚಂದ್ರೇಗೌಡ. ಆ ಕಣ್ಣುಗಳನ್ನು ಹಾಲಿವುಡ್‌ಗಿಂತ ಮೊದಲು ಕನ್ನಡದವರು ನೋಡಿದ್ದರು.

ನಿಮ್ಮ ಮೊಮ್ಮಗನಿಗೆ ಮೊದಲನೆಯದು ತೋರಿಸಿ, ಆಮೇಲೆ ಮೂರನೆಯದು. ಅಪ್ಪನ ಪಾತ್ರದ ಶಾನ್ ಕಾನರಿ ಫೋರ್ಡ್‌ಗಿಂತ ಬರೀ 12 ವರ್ಷ ದೊಡ್ಡವರು ಅಂತ ಮೊದಲೇ ಹೇಳಬೇಡಿ.

ನಾಲ್ಕನೆಯ ಚಿತ್ರದ ಕಥೆಯೆಲ್ಲ ಸುತ್ತುವ ಆ ಸ್ಫಟಿಕದ ತಲೆಬುರುಡೆ ನಿಜವಾ ಎಂದು ಅವನು ಕೇಳಿದನಲ್ಲ? ಬುರುಡೆಗಳು ಇವೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲೇ ಒಂದಿದೆ. ಪ್ರಾಚೀನ ಮೆಕ್ಸಿಕೋದ್ದು ಎಂದು ಬಹಳ ಕಾಲ ನಂಬಿದ್ದರು. ಪರೀಕ್ಷೆ ಮಾಡಿದಾಗ ತಿರುಗುವ ಚಕ್ರದಿಂದ ಉಜ್ಜಿದ ಗುರುತು ಸಿಕ್ಕಿತು. ಯುರೋಪಿನವರು ಬರುವ ಮೊದಲು ಅಂಥ ಉಪಕರಣ ಮೆಕ್ಸಿಕೋದಲ್ಲಿ ಇರಲಿಲ್ಲ. ಯೂಜೀನ್ ಬೋಬನ್ ಎಂಬ ಫ್ರೆಂಚ್ ವ್ಯಾಪಾರಿಯ ಕೈ ದಾಟಿ ಬಂದ 19ನೇ ಶತಮಾನದ ಮಾಲು ಅದು. ನಮ್ಮ ಪ್ರೊಫೆಸರ್ ಹೀರೋ ಇಂಥ ನಕಲಿ ಬುರುಡೆಯ ಜಾಡು ಹಿಡಿದು ಹೊರಟಿದ್ದರೆ ನಾನಂತೂ ಎರಡು ಸಲ ಟಿಕೆಟ್ ತೆಗೆಯುತ್ತಿದ್ದೆ.

– ಸಂ.