ಪಿಕಪ್ ವಾಹನದಲ್ಲಿ ಬ್ರೇಕ್ ತುಳಿದಾಗ ಮಾತ್ರ ಸ್ಟಿಯರಿಂಗ್ ನಡುಗುವುದೇಕೆ?

ಮೆಕ್ಕೆಜೋಳ ಹೇರಿಕೊಂಡು ಚಿತ್ರದುರ್ಗದಿಂದ ದಾವಣಗೆರೆಗೆ ಬರುವಾಗ, ಬ್ರೇಕ್ ತುಳಿದರೆ ಮಾತ್ರ ಸ್ಟಿಯರಿಂಗ್ ಗಡಗಡ ನಡುಗುತ್ತದೆ ಎಂದಿದ್ದೀರಿ. ಹಾಗಿದ್ದರೆ ದೋಷ ಬಹುತೇಕ ಮುಂದಿನ ಚಕ್ರಗಳ ಜೊತೆ ತಿರುಗುವ ಲೋಹದ ತಟ್ಟೆಯಾದ ಬ್ರೇಕ್ ಡಿಸ್ಕ್‌ನದು. ವೀಲ್ ಬ್ಯಾಲೆನ್ಸಿಂಗ್‌ಗೆ ದುಡ್ಡು ಸುರಿಯಬೇಡಿ. ಚಕ್ರದ ತೂಕ ಸುತ್ತಲೂ ಸಮವಿಲ್ಲದ ಕಾಯಿಲೆಯಾದರೆ ಬ್ರೇಕ್ ಮುಟ್ಟದಿದ್ದರೂ ನಡುಗಿಸುತ್ತದೆ.

ಡಿಸ್ಕ್ ಬೆಂಡಾಗಿದೆ ಎನ್ನುವುದು ಗ್ಯಾರೇಜಿನ ವಾಡಿಕೆಯ ಮಾತು. ಸಾಮಾನ್ಯವಾಗಿ ಆಗಿರುವುದು ಅದರ ದಪ್ಪದಲ್ಲಿ ಏರುಪೇರು, 0.02–0.03 ಮಿಲಿಮೀಟರ್ ವ್ಯತ್ಯಾಸವೂ ಸಾಕು. ದಪ್ಪ ಜಾಗ, ಡಿಸ್ಕನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಪ್ಯಾಡುಗಳ ನಡುವೆ ಬಂದಾಗಲೆಲ್ಲ ಹಿಡಿತ ಬಿಗಿಯಾಗುತ್ತದೆ, ತೆಳು ಜಾಗದಲ್ಲಿ ಸಡಿಲಾಗುತ್ತದೆ. ಚಕ್ರದ ಪ್ರತಿ ಸುತ್ತಿನ ಆ ಜಗ್ಗಾಟವೇ ನಿಮ್ಮ ಕೈಗೆ ತಟ್ಟುವುದು.

ಡಿಸ್ಕನ್ನು ಲೇತ್‌ನಲ್ಲಿ ಸಮ ಮಾಡಿಸಿ. ಅದರ ಮೇಲೆ ಕೊರೆದಿರುವ ಕನಿಷ್ಠ ದಪ್ಪಕ್ಕಿಂತ ಕಡಿಮೆಯಾಗುವುದಾದರೆ ಎರಡೂ ಕಡೆ ಹೊಸ ಡಿಸ್ಕ್, ಹೊಸ ಪ್ಯಾಡ್ ಹಾಕಿಸಿ. ಕೂರಿಸುವ ಮೊದಲು, ಡಿಸ್ಕ್ ಕೂರುವ ಚಕ್ರದ ನಡುಭಾಗವಾದ ಹಬ್‌ನ ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿಸಲೇಬೇಕು. ಅವಸರದಲ್ಲಿ ಬಿಟ್ಟುಹೋಗುವ ಕೆಲಸ ಇದೇ: ಚಕ್ಕೆಯಷ್ಟು ತುಕ್ಕು ಉಳಿದರೂ ಹೊಸ ಡಿಸ್ಕ್ ಓಲಾಡುತ್ತಾ ತಿರುಗಿ, ಕೆಲವು ಸಾವಿರ ಕಿಲೋಮೀಟರಿನಲ್ಲಿ ಮತ್ತೆ ಅದೇ ನಡುಕ ಶುರುವಾಗುತ್ತದೆ. ಚಕ್ರದ ನಟ್‌ಗಳನ್ನು ಎದುರುಬದುರಾಗಿ, ಒಂದೇ ಬಿಗಿಗೆ ತಿರುಗಿಸಲು ಹೇಳಿ.