ಕೊನೆಗೆ ಬರುವ ಮಗನಿಗೂ ಸರಿಜೋಡಿ ಓಟವಿದೆಯೇ?

ಪ್ರಶ್ನೆ: ನನ್ನ ಮಗನಿಗೆ 12 ವರ್ಷ, ಡೌನ್ ಸಿಂಡ್ರೋಮ್ ಇದೆ. ಓಟ ಅಂದರೆ ಪ್ರಾಣ. ಶಾಲೆಯಲ್ಲಿ ಪ್ರತಿ ಸಲ ಕೊನೆಗೆ ಬಂದು ಅಳುತ್ತಾನೆ. ಇಂಥ ಮಕ್ಕಳಿಗೆಂದೇ ಕ್ರೀಡಾಕೂಟ ಇದೆಯಂತೆ, ಸೇರಿಸುವುದು ಹೇಗೆ? ಮುಂದೆ ಪ್ಯಾರಾಲಿಂಪಿಕ್ಸ್‌ಗೂ ಹೋಗಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಇದೆ, ತಾಯಿ. ಬೌದ್ಧಿಕ ಅಂಗವೈಕಲ್ಯ ಇರುವವರಿಗೆಂದೇ 1968ರಲ್ಲಿ ಶುರುವಾದದ್ದು ಸ್ಪೆಷಲ್ ಒಲಿಂಪಿಕ್ಸ್. ನಮ್ಮ ದೇಶದಲ್ಲಿ ಅದನ್ನು ನಡೆಸುವುದು ಸ್ಪೆಷಲ್ ಒಲಿಂಪಿಕ್ಸ್ ಭಾರತ್. 8 ವರ್ಷ ತುಂಬಿದವರು ಸ್ಪರ್ಧಿಸಬಹುದು, ಮೇಲಿನ ವಯೋಮಿತಿ ಇಲ್ಲ. ಹತ್ತಿರದ ವಿಶೇಷ ಶಾಲೆಯ ಮೂಲಕ ಹೆಸರು ಕೊಡುವುದು ಸುಲಭ. ಯುಡಿಐಡಿ ಕಾರ್ಡ್ (ಸರ್ಕಾರ ಕೊಡುವ ಅಂಗವೈಕಲ್ಯ ಗುರುತಿನ ಚೀಟಿ), ಜನನ ಪ್ರಮಾಣಪತ್ರ ಕೈಲಿರಲಿ. ವೈದ್ಯಕೀಯ ತಪಾಸಣೆಯ ಫಾರಂ ಅನ್ನು ಡಾಕ್ಟರ್ ತುಂಬಿಕೊಡಬೇಕು.

ತಪಾಸಣೆಯನ್ನು ಮಾತ್ರ ದಯವಿಟ್ಟು ಶಾಸ್ತ್ರಕ್ಕೆ ಮುಗಿಸಬೇಡಿ. ಡೌನ್ ಸಿಂಡ್ರೋಮ್ ಇರುವ ಕೆಲವರಲ್ಲಿ ಕತ್ತಿನ ಮೇಲಿನ ಎರಡು ಮೂಳೆಗಳ ನಡುವಿನ ಬಿಗಿ ಸಡಿಲವಾಗಿರುತ್ತದೆ. ಆ ಮೂಳೆ ಜಾರಿದರೆ ಬೆನ್ನುಹುರಿ ಒತ್ತಿಹೋಗುತ್ತದೆ. ಕತ್ತು ನೋವು, ತಲೆ ವಾಲಿಸುವುದು, ನಡಿಗೆ ತಡವರಿಸುವುದು, ಕೈಹಿಡಿತ ಸಡಿಲಾಗುವುದು, ಹೊಸದಾಗಿ ಬಟ್ಟೆಯಲ್ಲೇ ಮೂತ್ರ ಹೋಗುವುದು: ಇವುಗಳಲ್ಲಿ ಒಂದು ಕಂಡರೂ ಆಟ ನಿಲ್ಲಿಸಿ ತಕ್ಷಣ ಡಾಕ್ಟರಿಗೆ ತೋರಿಸಿ. ಅವರು ಒಪ್ಪುವ ತನಕ ಪಲ್ಟಿ, ಈಜುಕೊಳಕ್ಕೆ ತಲೆಮುಂದಾಗಿ ಧುಮುಕುವುದು ಬೇಡ. ಹೃದಯವನ್ನೂ ಪರೀಕ್ಷೆ ಮಾಡಿಸಿ.

ಇನ್ನು ಅವನ ಅಳುವಿನ ವಿಷಯ. ಸ್ಪೆಷಲ್ ಒಲಿಂಪಿಕ್ಸ್‌ನಲ್ಲಿ ಮೊದಲು ಪ್ರಾಥಮಿಕ ಸುತ್ತು ಓಡಿಸಿ ಸಮಯ ಬರೆದುಕೊಳ್ಳುತ್ತಾರೆ. ಆಮೇಲೆ ಲಿಂಗ, ವಯಸ್ಸು, ವೇಗ ನೋಡಿ 3ರಿಂದ 8 ಜನರ ಗುಂಪು ಕಟ್ಟುತ್ತಾರೆ. ನಿಮ್ಮವನು 12–15ರ ಗುಂಪಿನಲ್ಲಿ, ತನ್ನಷ್ಟೇ ವೇಗದವರ ಜೊತೆ ಓಡುತ್ತಾನೆ. ಇಲ್ಲೇ ಅನೇಕ ಪೋಷಕರು ಎಡವುವುದು: ಸುಲಭದ ಗುಂಪು ಸಿಗಲೆಂದು ‘ಮೊದಲ ಸುತ್ತಲ್ಲಿ ನಿಧಾನ ಓಡು’ ಅನ್ನುತ್ತಾರೆ. ಪ್ರಾಥಮಿಕದಲ್ಲಿ 20 ಸೆಕೆಂಡ್ ತೆಗೆದುಕೊಂಡವನು ಫೈನಲ್‌ನಲ್ಲಿ 16ಕ್ಕೆ ಮುಟ್ಟಿದರೆ ಸುಧಾರಣೆ ಶೇ. 20. ಶೇ. 15 ಮೀರಿದರೆ ಪೂರ್ತಿ ಶಕ್ತಿ ಹಾಕಿರಲಿಲ್ಲವೆಂದು ಅನರ್ಹಗೊಳಿಸಬಹುದು. ಮಗು ಮಾಡದ ತಪ್ಪಿಗೆ ಮಗುವಿನ ಪದಕ ಹೋಗುತ್ತದೆ.

ಪ್ಯಾರಾಲಿಂಪಿಕ್ಸ್ ದಾರಿಯೇ ಬೇರೆ, ಅಲ್ಲಿ ವೇಗ ನೋಡಿ ಗುಂಪು ಕಟ್ಟುವುದಿಲ್ಲ. ಬೌದ್ಧಿಕ ಅಂಗವೈಕಲ್ಯದ ಓಟಗಾರರ ವಿಭಾಗ ಟಿ20. ತೆಲಂಗಾಣದ ದೀಪ್ತಿ ಜೀವನ್‌ಜಿ 2024ರ ಪ್ಯಾರಿಸ್‌ನಲ್ಲಿ 400 ಮೀಟರ್ ಕಂಚು ಗೆದ್ದದ್ದು ಅದರಲ್ಲೇ. ಡೌನ್ ಸಿಂಡ್ರೋಮ್ ಇರುವವರಿಗೆ ಅಲ್ಲಿ ಪ್ರತ್ಯೇಕ ವಿಭಾಗವಿಲ್ಲ, ಹಾಗಾಗಿ ಪೈಪೋಟಿ ಬಹಳ ಕಠಿಣ. ಸದ್ಯಕ್ಕೆ ಆ ಲೆಕ್ಕ ಬದಿಗಿಡಿ.

ಮನೆಯಲ್ಲಿ ಈಗಿನಿಂದಲೇ ಒಂದು ಅಭ್ಯಾಸ ಮಾಡಿಸಿ. ಎಷ್ಟೋ ಮಕ್ಕಳು ಓಟ ಮುಗಿಯುವ ಗೆರೆ ಕಂಡ ಕೂಡಲೇ ನಿಂತುಬಿಡುತ್ತಾರೆ, ಇಲ್ಲವೇ ಹಿಂದಿರುವ ಗೆಳೆಯನಿಗೆ ಕಾಯುತ್ತಾರೆ. ಸುಣ್ಣದಲ್ಲಿ ಗೆರೆ ಎಳೆದು, ಅದರಿಂದ 5 ಮೀಟರ್ ಆಚೆ ನೀವು ಕೈಚಾಚಿ ನಿಲ್ಲಿ. ಅವನು ಮುಟ್ಟಬೇಕಾದದ್ದು ಗೆರೆಯನ್ನಲ್ಲ, ನಿಮ್ಮ ಕೈಯನ್ನು.